ಕಿವಿ ಸರಿ ಇರುವವರೂ ಒಮ್ಮೆ ಆ ಲ್ಯಾಬಿಗೆ ಹೋಗಿ

ಸಂಪಾದಕರಿಗೆ ನಮಸ್ಕಾರ.

ಪ್ರತಿ ವರ್ಷ ಮಾರ್ಚ್ 3ಕ್ಕೆ ವಿಶ್ವ ಶ್ರವಣ ದಿನ ಬರುತ್ತದೆ. ಆ ವಾರ ಎಲ್ಲ ಪತ್ರಿಕೆಗಳಲ್ಲೂ ಒಂದೇ ಥರದ ಸುದ್ದಿ. ವೇದಿಕೆ, ದೀಪ, ಗಣ್ಯರು, ಕೊನೆಗೆ ಇಯರ್‌ಫೋನ್ ಜಾಸ್ತಿ ಬಳಸಬೇಡಿ ಅನ್ನುವ ಸಲಹೆ. ಸಲಹೆ ಒಳ್ಳೆಯದೇ. ಆದರೆ ಈ ವಿಷಯದಲ್ಲಿ ದಿನವಿಡೀ ಕೆಲಸ ಮಾಡುವ ಜನ ಯಾರು, ಅವರು ಬಾಗಿಲು ಹಾಕಿಕೊಂಡು ಒಳಗೆ ಏನು ಮಾಡುತ್ತಾರೆ ಅಂತ ಬರೆದದ್ದನ್ನು ನಾನಂತೂ ಓದಿಲ್ಲ.

ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೇ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಅಂದರೆ ಸಾಕು. ಊರಿನ ಹೆಚ್ಚಿನವರಿಗೆ ಅದು ಕಿವಿ ತೋರಿಸುವ ಜಾಗ ಅಷ್ಟೇ. ಶಬ್ದ ಕಿವಿಯಿಂದ ಮಿದುಳಿಗೆ ಹೋದ ಮೇಲೆ ಏನಾಗುತ್ತದೆ ಅಂತ ನೋಡುವ ಕೆಲಸವೂ ಇಂಥ ಕಡೆ ನಡೆಯುತ್ತದೆ, ಆ ಕೆಲಸಕ್ಕೆ ನಮ್ಮಂಥವರೂ ಬೇಕು ಅನ್ನುವುದು ಎಷ್ಟು ಜನಕ್ಕೆ ಗೊತ್ತು?

ನನಗೂ ಗೊತ್ತಿರಲಿಲ್ಲ. ಇಂಥದ್ದೊಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುವ, ಪರಿಚಯದವರ ಮಗಳು ‘ಮಿಸ್, ನಿಮ್ಮ ವಯಸ್ಸಿನವರಲ್ಲಿ ಕಿವಿ ಸರಿ ಇರೋರು ಸಿಗೋದೇ ಕಷ್ಟ, ದಯವಿಟ್ಟು ಬನ್ನಿ’ ಅಂತ ಕರೆದಳು. ಅರವತ್ತು ದಾಟಿದ ಮೇಲೆ ಇಂಥ ಹೊಗಳಿಕೆ ದಿನಾ ಸಿಗುತ್ತದೆಯೇ, ಹೋದೆ.

ಮೊದಲು ಕನ್ನಡದಲ್ಲಿ ಒಪ್ಪಿಗೆ ಪತ್ರ ಓದಿಸಿದರು. ಬೇಡ ಅನಿಸಿದರೆ ನಡುವೆ ಎದ್ದು ಹೋಗಬಹುದು ಅಂತಲೂ ಹೇಳಿದರು. ಆಮೇಲೆ ತಲೆಯ ಚರ್ಮವನ್ನು ಅಲ್ಲಲ್ಲಿ ಮೆಲ್ಲಗೆ ಉಜ್ಜಿ, ಪೇಸ್ಟ್ ಹಚ್ಚಿ, ಮಿದುಳಿನ ಸಿಗ್ನಲ್ಲು ಹಿಡಿಯುವ ಎಲೆಕ್ಟ್ರೋಡ್ ಅಂಟಿಸಿ, ಪ್ರತಿಯೊಂದೂ ಸರಿಯಾಗಿ ಕೂತಿದೆಯೇ ಅಂತ ಕಂಪ್ಯೂಟರಿನಲ್ಲಿ ನೋಡಿ, ಇಲ್ಲದಿದ್ದರೆ ಕಿತ್ತು ಮತ್ತೆ ಅಂಟಿಸಿ, ಹೀಗೆ ತಯಾರಿಗೇ ಬಹಳ ಹೊತ್ತು ಹೋಯಿತು. ಇಷ್ಟೆಲ್ಲ ಯಾಕೆ ಅಂದೆ. ಟಕ್ ಅನ್ನುವ ಒಂದು ಶಬ್ದ ಕೇಳಿದಾಗ ಕಿವಿಯ ನರ ಮತ್ತು ಮಿದುಳಿನ ಬುಡದಿಂದ ಬರುವ ಸಿಗ್ನಲ್ಲು ಒಂದು ಮೈಕ್ರೋವೋಲ್ಟ್‌ಗಿಂತಲೂ, ಅಂದರೆ ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ, ಕಡಿಮೆಯಂತೆ. 10 ಮಿಲಿಸೆಕೆಂಡಿನೊಳಗೆ ಎಲ್ಲ ಮುಗಿದುಹೋಗುತ್ತದೆ. ಅದೇ ಶಬ್ದವನ್ನು ಸಾವಿರ, ಎರಡು ಸಾವಿರ ಸಲ ಕೇಳಿಸಿ ಸರಾಸರಿ ತೆಗೆದರೆ ಮಾತ್ರ ಕಣ್ಣಿಗೆ ಕಾಣುವುದು. ಕೂತವರು ಹಲ್ಲು ಕಚ್ಚಿದರೂ, ಕತ್ತು ಬಿಗಿ ಹಿಡಿದರೂ ಕೆಡುತ್ತದೆ. ಗೋಡೆಯಲ್ಲಿ ಹರಿಯುವ ಕರೆಂಟಿನ 50 ಹರ್ಟ್ಜ್ ಗುಂಯ್‌ಗುಡುವಿಕೆಯೂ ಒಳಗೆ ನುಗ್ಗುತ್ತದೆ. ಆ ಹುಡುಗಿಯ ದಿನದ ಅರ್ಧ ಭಾಗ ಇಂಥ ಕಾಟಗಳನ್ನು ಹುಡುಕಿ ಓಡಿಸುವುದರಲ್ಲೇ ಹೋಗುತ್ತದಂತೆ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಹಿಡಿಸಿತು. ಶಬ್ದವಿಲ್ಲದ ಸಿನಿಮಾ ಹಾಕಿ ಕೂರಿಸುತ್ತಾರೆ. ಕಿವಿಯಲ್ಲಿ ದ, ದ, ದ, ದ ಅಂತ ಬರುತ್ತಲೇ ಇರುತ್ತದೆ, ನಡುವೆ ಯಾವಾಗಲೋ ಒಂದು ಡ. ಗಮನ ಕೊಡಬೇಡಿ, ಸಿನಿಮಾ ನೋಡಿ ಅನ್ನುತ್ತಾರೆ. ನೀವು ಗಮನ ಕೊಡದಿದ್ದರೂ ಮಿದುಳು ಆ ಡ ಬಂದದ್ದನ್ನು ಸೆಕೆಂಡಿನ ಕಾಲು ಭಾಗದೊಳಗೆ ಗುರುತಿಸಿರುತ್ತದೆ, ಕಂಪ್ಯೂಟರಿನಲ್ಲಿ ಮೂಡುವ ಸಿಗ್ನಲ್ಲಿನ ಗೆರೆಯಲ್ಲಿ ಅದು ಕಾಣುತ್ತದೆ. ಮಕ್ಕಳಿಗೆ ಡ, ದ ಬೇರೆ ಬೇರೆ ಅಂತ ಕಲಿಸುತ್ತಲೇ ನಿವೃತ್ತಿಯಾದವಳು ನಾನು. ಈ ಗೆರೆ ಆಗಲೇ ನೋಡಲು ಸಿಕ್ಕಿದ್ದರೆ ಕೆಲವು ಮಕ್ಕಳನ್ನು ಗದರುವ ಬದಲು ಕಿವಿ ಪರೀಕ್ಷೆಗೆ ಕಳಿಸುತ್ತಿದ್ದೆನೋ ಏನೋ.

ಕೂಸುಗಳ ಪರೀಕ್ಷೆ ಇನ್ನೂ ಕಷ್ಟ. ತಾಯಂದಿರು ‘ಬೆರಾ ಟೆಸ್ಟ್’ ಅನ್ನುವುದು ಮೊದಲು ಹೇಳಿದ ಆ ಟಕ್ ಶಬ್ದದ ಪರೀಕ್ಷೆಯನ್ನೇ. ಮಗು ನಿದ್ದೆ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ತಾಯಿ ಹಾಲು ಕೊಟ್ಟು, ತೂಗಿ, ಲೈಟು ಆರಿಸಿ ಕಾಯಬೇಕು. ಕಾಯುವವರಲ್ಲಿ ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟು, ಕಲಿಯಲು ಬಂದ ಹುಡುಗರು ಎಲ್ಲರೂ ಇರುತ್ತಾರೆ. ಈ ಹುಡುಗರಲ್ಲಿ ಕೇರಳದವರು, ಉತ್ತರದ ಕಡೆಯವರು ಎಷ್ಟೋ ಜನ. ಬಂದು ಕೆಲವೇ ತಿಂಗಳಿಗೆ ‘ಅಜ್ಜಿ, ಕೇಳಿಸ್ತಾ? ಯಾವ ಕಡೆ ಕೇಳಿಸ್ತು?’ ಅನ್ನುವಷ್ಟು ಕನ್ನಡ ಕಲಿತಿರುತ್ತಾರೆ. ಇಂಗ್ಲಿಷ್ ಪದ ಕೇಳಿಸಿ ಹುಣಸೂರಿನ ರೈತರ ಕಿವಿ ಅಳೆಯಲಾಗುವುದಿಲ್ಲವಲ್ಲ, ಅದಕ್ಕೆ ಬೇಕಾದ ಕನ್ನಡ ಪದಗಳ ಪಟ್ಟಿ ಕೂಡ 2005ರಲ್ಲಿ ಇದೇ ಸಂಸ್ಥೆಯಲ್ಲಿ ತಯಾರಾದದ್ದು.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಜೆಆರ್‌ಎಫ್, ಅಂದರೆ ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್, ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಆಗಿದೆ, ಮೊದಲು 31,000 ಇತ್ತು. ಅದು ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಅನ್ನುವುದು ದೇಶದ ಎಲ್ಲ ಕಡೆಯ ಸಂಶೋಧಕರ ಹಳೆಯ ದೂರು. ಪ್ರಾಜೆಕ್ಟಿನ ಮೇಲೆ ಬಂದವರ ಕತೆ ಬೇರೆ. ಎರಡು, ಮೂರು ವರ್ಷಕ್ಕೆ ಪ್ರಾಜೆಕ್ಟು ಮುಗಿದರೆ ಕೆಲಸವೂ ಮುಗಿಯಿತು. ಅಳುವ ಮಗುವಿನ ತಲೆಗೆ ಎಲೆಕ್ಟ್ರೋಡ್ ಅಂಟಿಸುವ ಕೈ ಪಳಗಲು ಎಷ್ಟು ದಿನ ಬೇಕು ಅಂತ ಯೋಚಿಸಿ. ಪಳಗಿದ ಮೇಲೆ ಅವರನ್ನು ಮನೆಗೆ ಕಳಿಸುತ್ತೇವೆ. ಮಿಷನ್ನಿಗಾದರೆ ವರ್ಷ ವರ್ಷ ಮೆಂಟೆನೆನ್ಸ್ ಕಾಂಟ್ರ್ಯಾಕ್ಟ್ ಮಾಡಿಸುತ್ತೇವೆ, ಅಲ್ವಾ?

ಸಂಪಾದಕರೇ, ನನ್ನ ಕೋರಿಕೆ ಸಣ್ಣದು. ರಕ್ತದಾನದ ಶಿಬಿರಕ್ಕೆ ಜಾಗ ಕೊಡುವ ಹಾಗೆ, ಇಂಥ ಲ್ಯಾಬುಗಳು ಜನ ಬೇಕು ಅಂದಾಗ ನಗರದ ಪುಟದಲ್ಲಿ ನಾಲ್ಕು ಸಾಲು ಹಾಕಿ. ತೊಂದರೆ ಇರುವವರು ಹೇಗೂ ಬರುತ್ತಾರೆ. ಸರಿ ಇರುವವರ ಗೆರೆ ಎದುರಿಗಿಲ್ಲದೆ ಕೆಟ್ಟದ್ದು ಎಲ್ಲಿ, ಎಷ್ಟು ಅಂತ ಹೇಳುವುದು ಹೇಗೆ? ಅದಕ್ಕೇ ಹತ್ತು ವರ್ಷದವರು, ಮೂವತ್ತರವರು, ಎಪ್ಪತ್ತರವರು ಎಲ್ಲರೂ ಬೇಕು. ಈಗ ಅವರು ತಮ್ಮ ಗೆಳೆಯರನ್ನೂ ಹಾಸ್ಟೆಲಿನವರನ್ನೂ ಬೇಡಿ ಕೂರಿಸಿಕೊಳ್ಳುತ್ತಿದ್ದಾರೆ, ನಮ್ಮಂಥ ವಯಸ್ಸಾದವರನ್ನು ಎಲ್ಲಿಂದ ತರಬೇಕು?

ಓದುಗರಿಗೆ ಒಂದು ಮಾತು. ನೋವಿಲ್ಲ, ಸೂಜಿಯಿಲ್ಲ, ಸುಮ್ನೆ ಕೂತಿದ್ದರೆ ಸಾಕು. ಹಿಂದಿನ ರಾತ್ರಿ ತಲೆಗೆ ಎಣ್ಣೆ ಮಾತ್ರ ಹಚ್ಚಬೇಡಿ, ಎಲೆಕ್ಟ್ರೋಡ್ ನಿಲ್ಲುವುದಿಲ್ಲ.

– ನಿವೃತ್ತ ಶಿಕ್ಷಕಿ, ಮೈಸೂರು