ಮಂಡಿ ನೋವಿನ ಮೇಲೆ ಥೀಸಿಸ್ ಮಾಡುವ ಪುಟ್ಟಿಗೆ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಥೀಸಿಸ್‌ಗೆ ಮಂಡಿ ಸವೆತದ ವಿಷಯ ಕೊಟ್ಟಿದ್ದಾರೆ ಅಂತ ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. "ಮಾಮೂಲಿ ವಿಷಯ, ಎಲ್ಲರೂ ಮಾಡಿ ಬಿಟ್ಟಿದ್ದು" ಅಂತ ನೀನು ಮುಖ ಸಣ್ಣಗೆ ಮಾಡಿಕೊಂಡಿದ್ದೀಯಂತೆ. ಮೂಳೆ ವಾರ್ಡಿನಲ್ಲೇ ನರ್ಸಾಗಿ ತಲೆ ನರೆಸಿಕೊಂಡವಳು ನಾನು. ಈಗ ನನ್ನ ಬಲ ಮಂಡಿಯೂ ಲೋಹದ್ದೇ. ಹಾಗಾಗಿ ನೀನು ಕೇಳದಿದ್ದರೂ ಬರೆಯುತ್ತಿದ್ದೇನೆ. ನಿಮ್ಮ ಗೈಡ್ ಹೇಳುವುದನ್ನು ಮೊದಲು ಕೇಳು, ಆಮೇಲೆ ನನ್ನದು.

ಸಿನಾಪ್ಸಿಸ್, ಅಂದರೆ ಥೀಸಿಸ್‌ನ ಯೋಜನೆ, ಬರೆಯುವ ಮೊದಲು ರೋಗಿಗಳಿಗೆ ಕೇಳುವ ಪ್ರಶ್ನಾವಳಿಯನ್ನು ಒಮ್ಮೆ ಗಟ್ಟಿಯಾಗಿ ಓದು. ಬಹುಶಃ ಮಂಡಿ, ಸೊಂಟದ ಸವೆತ ಎಷ್ಟು ಕಾಡುತ್ತಿದೆ ಅಂತ ಅಳೆಯುವ ವೊಮ್ಯಾಕ್ ಇರುತ್ತದೆ. ಒಟ್ಟು 24 ಪ್ರಶ್ನೆ. ನೋವಿಗೆ 5, ಬಿಗಿತಕ್ಕೆ 2, ದಿನದ ಕೆಲಸ ಓಡಾಟಕ್ಕೆ 17. ಕೆನಡಾದಲ್ಲಿ ಮಾಡಿದ್ದು, ಜಗತ್ತೆಲ್ಲ ಬಳಸುತ್ತದೆ, ತೆಗಳುವಂಥದ್ದೇನಲ್ಲ. ಆದರೆ ಅದರಲ್ಲಿ ಕಾಲುಚೀಲ ಹಾಕಿಕೊಳ್ಳಲು ಎಷ್ಟು ಕಷ್ಟ ಅಂತ ಒಂದು ಪ್ರಶ್ನೆ, ಬಿಚ್ಚಲು ಎಷ್ಟು ಕಷ್ಟ ಅಂತ ಇನ್ನೊಂದು. ಕಾರು ಹತ್ತಿ ಇಳಿಯುವುದೂ ಇದೆ. ಕುಕ್ಕರಗಾಲಿನಲ್ಲಿ ಕೂರುವುದು ಇಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಏಳುವುದು ಇಲ್ಲ.

ಹೊಸನಗರದ ಕಡೆಯ ಅಜ್ಜಿಯೊಬ್ಬರಿಗೆ ಒಬ್ಬ ಪಿಜಿ ಓದುವ ಡಾಕ್ಟರ್ ಹುಡುಗ ಇದನ್ನು ಓದಿ ಹೇಳುವಾಗ ನಾನು ಪಕ್ಕದಲ್ಲೇ ಇದ್ದೆ. ಅಜ್ಜಿ ತಮ್ಮ ಒಡೆದ ಹಿಮ್ಮಡಿ ನೋಡಿಕೊಂಡರು. ಆಮೇಲೆ ಹುಡುಗನ ಮುಖ ನೋಡಿದರು. "ಕಾಲುಚೀಲ ಯಾವತ್ತೂ ಹಾಕಿಲ್ಲ ತಮ್ಮಾ, ಹಾಕಬೇಕಿತ್ತಾ?" ಅಂದರು. ಹುಡುಗ ಎರಡೂ ಪ್ರಶ್ನೆಗೆ "ಕಷ್ಟ ಇಲ್ಲ" ಅಂತ ಸೊನ್ನೆ ಬರೆದು ಮುಂದೆ ಹೋದ. ಕಾಗದದ ಮೇಲೆ ಅಜ್ಜಿಯ ಮಂಡಿ ಅಷ್ಟು ಚೆನ್ನಾಗಿಬಿಟ್ಟಿತು! ಅವರಿಗೆ ನಿಜವಾಗಿ ಆಗದೇ ಇದ್ದದ್ದು ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವುದು, ಕೊಟ್ಟಿಗೆಯಲ್ಲಿ ಹಾಲು ಕರೆದು ಏಳುವುದು, ಬಸ್ಸಿನ ಮೊದಲ ಮೆಟ್ಟಿಲು ಹತ್ತುವುದು. ಅದನ್ನು ಯಾರೂ ಕೇಳಲಿಲ್ಲ.

ವೊಮ್ಯಾಕ್ ಬಿಡು ಅಂತ ಹೇಳುತ್ತಿಲ್ಲ. ಬಿಟ್ಟರೆ ಬೇರೆಯವರ ಅಧ್ಯಯನದ ಜೊತೆ ಹೋಲಿಸಲು ಆಗುವುದಿಲ್ಲ. ಅದರ ಪ್ರಶ್ನೆಗಳನ್ನು ನಿನ್ನಿಷ್ಟಕ್ಕೆ ತಿದ್ದಲೂ ಬೇಡ. ಅದರ ಪಕ್ಕದಲ್ಲಿ ನಮ್ಮ ಕಡೆಯ ಕೆಲಸಗಳ ಒಂದು ಹಾಳೆ ಸೇರಿಸು. ಗದ್ದೆ ನಾಟಿ, ಅಡಿಕೆ ಸುಲಿತ, ಗುಡ್ಡ ಹತ್ತಿ ಸೌದೆ ತರುವುದು, ಬಚ್ಚಲ ಒಲೆಗೆ ಬೆಂಕಿ ಹಾಕುವುದು, ಪಂಕ್ತಿಯಲ್ಲಿ ಕೂತು ಊಟ. "ಇದರಲ್ಲಿ ಯಾವುದು ವಾಪಸ್ ಬಂದರೆ ನಿಮಗೆ ಸಾಕು?" ಅಂತ ಕೇಳಿ ಮೊದಲ ದಿನವೇ ಬರೆದಿಟ್ಟುಕೋ. ಇಷ್ಟು ಮಾಡಿದರೆ ನಿನ್ನ ವಿಷಯ ಮಾಮೂಲಿ ಆಗಿ ಉಳಿಯುವುದಿಲ್ಲ.

ಎಕ್ಸ್‌ರೇ ಬಗ್ಗೆ. ಸವೆತವನ್ನು 0ಯಿಂದ (ಏನೂ ಇಲ್ಲ) 4ರವರೆಗೆ (ತೀರಾ ಜಾಸ್ತಿ) ಗ್ರೇಡ್ ಕೊಟ್ಟು ಅಳೆಯುವ ಕೆಲ್ಗ್ರೆನ್ ಮತ್ತು ಲಾರೆನ್ಸ್ ಅವರ ಪದ್ಧತಿ ಬಂದದ್ದು 1957ರಲ್ಲಿ.  ಇಷ್ಟು ಹಳೆಯದಾದರೂ ಇಂದಿಗೂ ಎಲ್ಲರೂ ಅದನ್ನೇ ಬಳಸುತ್ತಾರೆ. ಆದರೆ ಗ್ರೇಡಿಗೂ ನೋವಿಗೂ ಸರಿಯಾಗಿ ತಾಳೆ ಆಗುವುದಿಲ್ಲ. ಗ್ರೇಡ್ 4 ಇಟ್ಟುಕೊಂಡು ತೋಟ ಸುತ್ತುವವರನ್ನು ನೋಡಿದ್ದೇನೆ. ಗ್ರೇಡ್ 2ಕ್ಕೆ ರಾತ್ರಿಯೆಲ್ಲ ನಿದ್ದೆ ಇಲ್ಲದವರನ್ನೂ ನೋಡಿದ್ದೇನೆ. ವಯಸ್ಸು 45 ದಾಟಿದೆ, ಓಡಾಡಿದರೆ ನೋವು ಜಾಸ್ತಿ, ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ ಅಂದರೆ ಚಿತ್ರವೇ ಬೇಡ, ಸವೆತ ಅಂತ ತಿಳಿಯಬಹುದು ಎನ್ನುತ್ತದೆ ಬ್ರಿಟನ್ನಿನ ನೈಸ್ ಅನ್ನುವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಬಿಗಿತ ಅದಕ್ಕಿಂತ ತುಂಬಾ ಹೊತ್ತು ಇದ್ದು ಬೆರಳ ಗಿಣ್ಣುಗಳೂ ಊದಿದ್ದರೆ ಬೇರೆ ಕಾಯಿಲೆ ಇದೆಯಾ ಅಂತ ಹುಡುಕು. ಇನ್ನೊಂದು ಮರೆಯಬೇಡ, ಮಂಡಿ ನೋವು ಅಂತ ಬಂದವರ ಸೊಂಟದ ಕೀಲನ್ನೂ ತಿರುಗಿಸಿ ನೋಡು. ಸೊಂಟದ ಕೀಲು ಕೆಟ್ಟು ನೋವು ಮಂಡಿಯಲ್ಲಿ ಕಾಣಿಸುವುದು ಉಂಟು.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಜನ ಆಸ್ಪತ್ರೆಗೆ ಬರುವುದು ಯಾವಾಗ? ನೋವು ತಡೆಯಲು ಆಗದೇ ಹೋದಾಗ. ನಮ್ಮಲ್ಲಿ ಅದು ಅಡಿಕೆ ಕೊಯ್ಲಿನ ಕೊನೆಗೆ, ಇಲ್ಲವೇ ನಾಟಿ ಮುಗಿದ ಮೇಲೆ. ಏನೂ ಔಷಧ ಕೊಡದಿದ್ದರೂ ಕೆಲಸ ನಿಂತ ಮೇಲೆ ಅವರ ನೋವು ಒಂದಷ್ಟು ಇಳಿದೇ ಇಳಿಯುತ್ತದೆ. ಜನವರಿಯಲ್ಲಿ ಇಂಜೆಕ್ಷನ್ ಕೊಟ್ಟು ಮಾರ್ಚಿನಲ್ಲಿ ಕೇಳಿದರೆ ಯಾವ ಇಂಜೆಕ್ಷನ್ನೂ ಗೆಲ್ಲುತ್ತದೆ, ಅಲ್ವಾ? ಅದಕ್ಕೇ ಹೋಲಿಕೆಗೆ ಇನ್ನೊಂದು ಗುಂಪು ಬೇಕು, ಯಾರು ಯಾವ ಗುಂಪಿಗೆ ಅನ್ನುವುದು ಚೀಟಿ ಎತ್ತಿದ ಹಾಗೆ ತೀರ್ಮಾನ ಆಗಬೇಕು. "ಮೊದಲು ಇಷ್ಟಿತ್ತು, ಆಮೇಲೆ ಇಷ್ಟಾಯಿತು" ಅನ್ನುವ ಥೀಸಿಸ್‌ಗಳು ಲೈಬ್ರರಿಯಲ್ಲಿ ರಾಶಿ ಬಿದ್ದಿವೆ. ಧೂಳು ಹೊಡೆಯುವವರೂ ಇಲ್ಲ.

2002ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಮೋಸ್ಲಿ ಅನ್ನುವ ಸರ್ಜನ್ ಮಾಡಿದ ಪ್ರಯೋಗ ಓದಿದ್ದೀಯಾ? ಇಲ್ಲದಿದ್ದರೆ ಮೊದಲು ಅದನ್ನು ಓದು. ಸವೆದ ಮಂಡಿಯೊಳಗೆ ದುರ್ಬೀನು ಬಿಟ್ಟು ತೊಳೆಯುವ, ಕೆರೆಯುವ ಆಪರೇಷನ್ ಆಗ ಎಲ್ಲೆಡೆ ನಡೆಯುತ್ತಿತ್ತು. ಅವರು 180 ಜನರನ್ನು ಸೇರಿಸಿಕೊಂಡರು. ಒಂದು ಗುಂಪಿಗೆ ಚರ್ಮದ ಮೇಲೆ ಗಾಯ ಮಾಡಿ ಹೊಲಿಗೆ ಹಾಕಿದ್ದು ಮಾತ್ರ, ಒಳಗೆ ಏನೂ ಮಾಡಲಿಲ್ಲ. ಎರಡು ವರ್ಷ ನೋಡಿದರೂ ನಿಜವಾದ ಆಪರೇಷನ್ ಆದವರಿಗೆ ಇವರಿಗಿಂತ ಹೆಚ್ಚು ಗುಣ ಕಾಣಲಿಲ್ಲ. ಎಷ್ಟು ಸಾವಿರ ಜನ ಸುಮ್ನೆ ಕೊಯ್ಯಿಸಿಕೊಂಡಿದ್ದರೋ! ರೋಗಿಗಳೇನೂ ಸುಳ್ಳು ಹೇಳಿರಲಿಲ್ಲ, ಅವರಿಗೆ ನಿಜವಾಗಿಯೂ ಆರಾಮ ಅನಿಸಿತ್ತು. ಹೋಲಿಸಿ ನೋಡಿದವರು ಇರಲಿಲ್ಲ ಅಷ್ಟೇ.

ಮಿಕ್ಕ ಚಿಕಿತ್ಸೆಗಳದ್ದೂ ಇದೇ ಕತೆ. ಗ್ಲುಕೋಸಮೈನ್ ಮಾತ್ರೆಯನ್ನು 2006ರಲ್ಲಿ 1583 ಜನರ ಮೇಲೆ ನೋಡಿದರು. ಒಟ್ಟಾರೆ ಲೆಕ್ಕದಲ್ಲಿ ಅದು ಔಷಧವೇ ಇಲ್ಲದ ಹುಸಿ ಮಾತ್ರೆಗಿಂತ ಮೇಲೇನೂ ಇರಲಿಲ್ಲ. ಮೂರು ತಿಂಗಳಿಗೊಮ್ಮೆ ಎರಡು ವರ್ಷ ಮಂಡಿಗೆ ಸ್ಟಿರಾಯ್ಡ್ ಚುಚ್ಚಿಸಿಕೊಂಡವರಲ್ಲಿ ಕೀಲಿನ ಮೃದ್ವಸ್ಥಿಯೇ (ಮೂಳೆಯ ತುದಿಯ ಮೆತ್ತನೆಯ ಪದರ) ಜಾಸ್ತಿ ಸವೆದದ್ದು 2017ರಲ್ಲಿ ಗೊತ್ತಾಯಿತು. ರಕ್ತದಿಂದ ತೆಗೆದು ಚುಚ್ಚುವ ಪಿಆರ್‌ಪಿ 2021ರ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಉಪ್ಪುನೀರಿನ ಇಂಜೆಕ್ಷನ್ನನ್ನು ಮೀರಲಿಲ್ಲ. ನಮ್ಮ ಊರಿನವರು ಅದಕ್ಕೆ ಒಂದು ಬೆಳೆಯ ದುಡ್ಡು ಸುರಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ತೊಡೆಯ ಸ್ನಾಯುವಿಗೆ ವ್ಯಾಯಾಮ, ತೂಕ ಇಳಿಸುವುದು, ಮೇಲೆ ಹಚ್ಚುವ ಮುಲಾಮು, ಇವು ಪರೀಕ್ಷೆಯಲ್ಲಿ ನಿಂತಿವೆ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ಕಡಿಮೆ ಅಂತ ಲೆಕ್ಕ ಹಾಕಿದ್ದಾರೆ. ಇದನ್ನು ಹೇಳಿದರೆ ಯಾರೂ ಕೇಳುವುದಿಲ್ಲ, ಬಿಡು, ನಾನೂ ಕೇಳಲಿಲ್ಲ.

ಕೀಲು ಬದಲಾವಣೆ ಮಾತ್ರ ದೊಡ್ಡ ವಿಷಯ. ಇಂದಿನ ಕೃತಕ ಸೊಂಟದ ಕೀಲಿಗೆ ದಾರಿ ಹಾಕಿಕೊಟ್ಟವರು ಇಂಗ್ಲೆಂಡಿನ ಜಾನ್ ಚಾರ್ನ್ಲಿ. ಅವರು ಮೊದಲು ಟೆಫ್ಲಾನ್ ಬಟ್ಟಲು ಹಾಕಿದರು. ಅದು ಬೇಗ ಸವೆದು ಪುಡಿಯಾಗಿ ಒಳಗೆಲ್ಲ ಕೆಟ್ಟಿತು. ಆ ಪುಡಿ ಮೈಗೆ ಏನು ಮಾಡುತ್ತದೆ ಅಂತ ನೋಡಲು ತಮ್ಮ ತೊಡೆಗೇ ಚುಚ್ಚಿಕೊಂಡರಂತೆ ಆ ಪುಣ್ಯಾತ್ಮ! ಆಮೇಲೆ 1962ರಲ್ಲಿ ಗಟ್ಟಿ ಪಾಲಿಥಿನ್ನಿಗೆ ಬದಲಾಯಿಸಿದರು. ತನ್ನ ಕೆಲಸ ಸೋತದ್ದನ್ನು ಮುಚ್ಚಿಡದೆ ಪ್ರತಿ ರೋಗಿಯನ್ನೂ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರಲ್ಲ, ಅದು ನನಗೆ ಅವರ ಕೀಲಿಗಿಂತ ದೊಡ್ಡದು ಅನಿಸುತ್ತದೆ. ಈಗ ಮಂಡಿ ಬದಲಾಯಿಸಿದರೆ ಹತ್ತರಲ್ಲಿ ಎಂಟು 25 ವರ್ಷ ಬಾಳುತ್ತವೆ ಅಂತ 2019ರಲ್ಲಿ ಹೊರದೇಶಗಳ ಲೆಕ್ಕ ಸೇರಿಸಿ ಹೇಳಿದ್ದಾರೆ.

ಹಾಗಂತ ಎಲ್ಲರಿಗೂ ಚಾಕು ಹಿಡಿಯಬೇಕಿಲ್ಲ. 2015ರಲ್ಲಿ ಡೆನ್ಮಾರ್ಕಿನಲ್ಲಿ ಆಪರೇಷನ್ನಿಗೆ ಅರ್ಹರಾದ 100 ಜನರನ್ನೇ ಎರಡು ಭಾಗ ಮಾಡಿದರು. ಎಲ್ಲರಿಗೂ ವ್ಯಾಯಾಮ, ಆಹಾರ, ಶೂ ಒಳಗಿನ ಮೆತ್ತೆ, ನೋವಿನ ಮಾತ್ರೆ. ಅರ್ಧ ಜನರಿಗೆ ಅದಕ್ಕೂ ಮೊದಲು ಹೊಸ ಮಂಡಿ. ಹೊಸ ಮಂಡಿಯವರಿಗೆ ಗುಣ ಜಾಸ್ತಿ ಸಿಕ್ಕಿತು, ಅದರಲ್ಲಿ ಅನುಮಾನ ಇಲ್ಲ. ಗಂಭೀರ ತೊಂದರೆಗಳೂ ಅವರಿಗೇ ಜಾಸ್ತಿ. ಇನ್ನೊಂದು ಗುಂಪಿನಲ್ಲಿ ಮುಕ್ಕಾಲು ಭಾಗ ಜನ ಒಂದು ವರ್ಷದವರೆಗೆ ಆಪರೇಷನ್ ಕೇಳಲೇ ಇಲ್ಲ. ಈ ಎರಡೂ ಮಾತನ್ನು ರೋಗಿಗೆ ಒಟ್ಟಿಗೆ ಹೇಳು. ಒಂದನ್ನೇ ಹೇಳಿದರೆ ಅದು ವ್ಯಾಪಾರ.

ದುಡ್ಡಿನ ಮಾತು ಬಂದಾಗ 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಮಂಡಿಯ ಕೃತಕ ಕೀಲಿಗೆ ಬೆಲೆ ಮಿತಿ ಹಾಕಿದ್ದನ್ನು ಹೇಳು. ಸಾಮಾನ್ಯವಾಗಿ ಹಾಕುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ 54,720 ರೂಪಾಯಿ, ಮೇಲೆ ತೆರಿಗೆ. ಮನೆಯ ಕಕ್ಕಸು ಎಂಥದ್ದು ಅಂತಲೂ ಕೇಳು. ಹೊಸ ಮಂಡಿ ಹಾಕಿಸಿಕೊಂಡು ಹಿತ್ತಲಿನ ನೆಲದ ಕಕ್ಕಸಿಗೆ ವಾಪಸ್ ಹೋದವರು "ಯಾಕಾದರೂ ಮಾಡಿಸಿಕೊಂಡೆನೋ" ಅನ್ನುವುದನ್ನು ಕೇಳಿದ್ದೇನೆ. ಆಪರೇಷನ್ ಸರಿಯಾಗೇ ಆಗಿತ್ತು. ಕಮೋಡ್ ಹಾಕಿಸಿ ಅಂತ ಹೇಳಿದವರು ಯಾರೂ ಇರಲಿಲ್ಲ.

ನಿನ್ನ ಫಾಲೋಅಪ್ ತಾರೀಖನ್ನು ಊರಿನ ಪಂಚಾಂಗ ನೋಡಿ ಇಡು. ಆರು ತಿಂಗಳ ಭೇಟಿ ಡಿಸೆಂಬರಿಗೆ ಬಿದ್ದರೆ ಕೊಯ್ಲು ಬಿಟ್ಟು ಯಾರೂ ಶಿವಮೊಗ್ಗಕ್ಕೆ ಬರುವುದಿಲ್ಲ. ಜುಲೈಗೆ ಬಿದ್ದರೆ ಆಗುಂಬೆ ಕಡೆಯವರು ಮಳೆಯಲ್ಲಿ ಬಸ್ಸಿಗೆ ಬಂದು ನಿಲ್ಲುವುದೇ ಕಷ್ಟ. ಬಾರದವರನ್ನು ಪಟ್ಟಿಯಿಂದ ಹೊಡೆದು ಹಾಕಬೇಡ. ತೀರಾ ಕೆಟ್ಟವರೂ ಅವರಲ್ಲೇ ಇರಬಹುದು, ಪೂರ್ತಿ ಗುಣವಾದವರೂ ಇರಬಹುದು. ಫೋನ್ ಮಾಡು, ಆಗದಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಯನ್ನು ಹಿಡಿ.

ಒಪ್ಪಿಗೆ ಪತ್ರದ ಬಗ್ಗೆ ನನಗೆ ಹಳೆಯ ಸಿಟ್ಟಿದೆ. ನಾನು ಕೆಲಸ ಮಾಡಿದ ಒಂದು ಕಡೆ ಬೆಳಗ್ಗೆ ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ ಸ್ಟ್ರೆಚರಿನ ಮೇಲೆ ಮಲಗಿದವರ ಹೆಬ್ಬೆರಳನ್ನು ಇಂಕ್ ಪ್ಯಾಡಿಗೆ ಒತ್ತಿಸುತ್ತಿದ್ದರು. ಆಪರೇಷನ್ನಿನದ್ದೊಂದು ಹಾಳೆ, ಅಧ್ಯಯನದ್ದೊಂದು ಹಾಳೆ, ಎರಡೂ ಒಂದೇ ಪಿನ್ನಿನಲ್ಲಿ. ಒಬ್ಬರು ನನ್ನ ಸೆರಗು ಹಿಡಿದು "ಒತ್ತದಿದ್ದರೆ ಆಪರೇಷನ್ ಮಾಡಲ್ವಾ ಸಿಸ್ಟರ್?" ಅಂತ ಕೇಳಿದರು. ನಿನ್ನ ರೋಗಿಗಳು ಈ ಪ್ರಶ್ನೆ ಕೇಳುವ ಹಾಗೆ ಆಗಬಾರದು. ಅಧ್ಯಯನದ ಹಾಳೆಯನ್ನು ಹಿಂದಿನ ದಿನವೇ ಮನೆಯವರ ಎದುರು ಓದಿ ಹೇಳು, ಬೇಡ ಅಂದರೂ ಚಿಕಿತ್ಸೆ ಹಾಗೇ ಸಿಗುತ್ತದೆ ಅನ್ನುವ ಸಾಲನ್ನು ಎರಡು ಸಲ ಓದು. ಚಿಕಿತ್ಸೆ ಕೊಟ್ಟು ಹೋಲಿಸುವ ಅಧ್ಯಯನವಾದರೆ ಮೊದಲ ರೋಗಿಯನ್ನು ಸೇರಿಸುವ ಮೊದಲೇ ಸಿಟಿಆರ್‌ಐ ಅನ್ನುವ ನಮ್ಮ ದೇಶದ ಚಿಕಿತ್ಸಾ ಪ್ರಯೋಗಗಳ ದಾಖಲೆ ಪಟ್ಟಿಯಲ್ಲಿ ನೋಂದಾಯಿಸಬೇಕು. 2018ರ ಏಪ್ರಿಲ್‌ನಿಂದ ಆಮೇಲೆ ಮಾಡುತ್ತೇನೆ ಅಂದರೆ ತೆಗೆದುಕೊಳ್ಳುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಕೀಲಿನ ಮೇಲೆ ಸಂಶೋಧನೆ ಮಾಡುವವರಿಗೆ ಹಂದಿಗೋಡು ಗೊತ್ತಿರಬೇಕು. 1970ರ ದಶಕದ ಮಧ್ಯದಲ್ಲಿ ಸಾಗರದ ಹತ್ತಿರದ ಆ ಊರಿನ ದಲಿತ ಕುಟುಂಬಗಳಲ್ಲಿ ಎಳೆಯ ವಯಸ್ಸಿಗೇ ಸೊಂಟ, ಮಂಡಿ ಹಿಡಿದುಕೊಳ್ಳುವ ಕಾಯಿಲೆ ಬೆಳಕಿಗೆ ಬಂತು. ಕೆಲವರು ಕುಳ್ಳಗೇ ಉಳಿದರು, ಕೆಲವರು ತೆವಳುವ ಹಾಗಾಯಿತು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಹೊಟ್ಟೆ ಸೇರಿತು ಅನ್ನುವ ಅನುಮಾನ ಮೊದಲು ಇತ್ತು. 1990ರ ದಶಕದಲ್ಲಿ ಎಕ್ಸ್‌ರೇ ಮತ್ತು ವಂಶದ ಅಧ್ಯಯನ ಮಾಡಿದವರು ಇದು ಮೂಳೆಯ ಬೆಳವಣಿಗೆಯದ್ದೇ ದೋಷ, ತಂದೆ ತಾಯಿಯಿಂದ ಮಕ್ಕಳಿಗೆ ಬರುವಂಥದ್ದು ಅಂದರು. ನಿನ್ನ ಸವೆತದ ಕಾಯಿಲೆ ಬೇರೆ, ಇದು ಬೇರೆ. ಆದರೂ ಸಾಗರದ ಕಡೆಯಿಂದ ಮೂವತ್ತರ ಒಳಗಿನವರು ಸೊಂಟ ಹಿಡಿದುಕೊಂಡು ಬಂದರೆ ಮನೆಯವರೆಲ್ಲರ ಬಗ್ಗೆ ವಿಚಾರಿಸು.

ಹಂದಿಗೋಡಿಗೆ ತಂಡದ ಮೇಲೆ ತಂಡ ಬಂದು ರಕ್ತ ತೆಗೆದುಕೊಂಡು ಹೋಯಿತು, ಏನು ಸಿಕ್ಕಿತು ಅಂತ ತಮಗೆ ಹೇಳಲಿಲ್ಲ ಅನ್ನುವುದು ಆ ಜನರ ದೂರು. ನ್ಯಾಯವಾದ ದೂರು. ನಿನ್ನ ಥೀಸಿಸ್ ಬೈಂಡ್ ಆದ ಮೇಲೆ ಒಂದು ಪುಟದ ಕನ್ನಡ ಸಾರಾಂಶ ಮಾಡಿಸಿ ನಿನ್ನ ಪಟ್ಟಿಯಲ್ಲಿರುವ ಎಲ್ಲರಿಗೂ ಅಂಚೆಯಲ್ಲಿ ಕಳಿಸು. ಅಂಚೆ ಖರ್ಚು ನನ್ನದು.

ಪ್ರಶ್ನಾವಳಿಯ ಕರಡು ಆದ ಕೂಡಲೇ ವಾಟ್ಸಾಪಿನಲ್ಲಿ ಹಾಕು. ನಮ್ಮ ಬೀದಿಯ ನಾಲ್ಕು ಮಂಡಿ ನೋವಿನವರನ್ನು ಕೂರಿಸಿಕೊಂಡು ಓದಿಸಿ, ಎಲ್ಲಿ ತಡವರಿಸಿದರು ಅಂತ ಗುರುತು ಹಾಕಿ ಕಳಿಸುತ್ತೇನೆ. ರಾತ್ರಿ ಡ್ಯೂಟಿ ಇರುವ ದಿನ ಊಟ ಬಿಡಬೇಡ.

ನಿನ್ನ ದೊಡ್ಡಮ್ಮ