ಹದಿನಾಲ್ಕು ಶಾಲೆಗಳ ಋಣ

ಮೊನ್ನೆ ಶನಿವಾರ ಸಮೂಹ ಸಂಪನ್ಮೂಲ ಕೇಂದ್ರದ ಬೀಗದ ಕೈ, ಶಾಲಾ ಭೇಟಿಯ ಕಡತಗಳು ಮತ್ತು ಗಣಿತ ಕಿಟ್‌ನ ಎರಡು ಪೆಟ್ಟಿಗೆಗಳನ್ನು ಒಪ್ಪಿಸಿ ಸಹಿ ಹಾಕಿದೆ. 2019ರ ಜುಲೈಯಲ್ಲಿ ಬಾದಾಮಿ ತಾಲ್ಲೂಕಿನ ಈ ಸಮೂಹಕ್ಕೆ ಸಿಆರ್‌ಪಿಯಾಗಿ ಬಂದಿದ್ದೆ. ಅವಧಿ ಮುಗಿಯಿತು, ಮತ್ತೆ ಶಿಕ್ಷಕಿಯಾಗಿ ತರಗತಿಗೆ ಹೋಗುತ್ತಿದ್ದೇನೆ. ಬೀಳ್ಕೊಡುವ ದಿನ ಶಾಲು ಹೊದಿಸಿ, ಉಡಿ ತುಂಬಿ, ನಾಲ್ಕು ಮಾತಾಡಿರಿ ಎಂದರು. ಗಂಟಲು ಕಟ್ಟಿ ಒಂದು ಮಾತೂ ಬರಲಿಲ್ಲ. ಅಂದು ಬಾಯಿಗೆ ಬಾರದ್ದನ್ನು ಈಗ ಬರೆಯುತ್ತಿದ್ದೇನೆ.

ಇಲಾಖೆಯ ಹೊರಗಿನವರಿಗೆ ಸಿಆರ್‌ಪಿ ಎಂದರೆ ಯಾರು ಎಂಬುದು ಅಷ್ಟಾಗಿ ಗೊತ್ತಿರುವುದಿಲ್ಲ. ಸಮೂಹ ಸಂಪನ್ಮೂಲ ವ್ಯಕ್ತಿ ಎಂಬುದು ಪೂರ್ಣ ಹೆಸರು. ಶಿಕ್ಷಕರೊಳಗಿನಿಂದಲೇ ಆಯ್ಕೆಯಾಗಿ, ಅಕ್ಕಪಕ್ಕದ ಊರುಗಳ ಶಾಲೆಗಳನ್ನು ಸುತ್ತುತ್ತ, ಪಾಠ ನೋಡಿ, ಪಾಠ ಮಾಡಿ ತೋರಿಸಿ, ಶಿಕ್ಷಕರಿಗೆ ಕಲಿಸುವಲ್ಲಿ ಎಲ್ಲಿ ತೊಡಕಾಗಿದೆಯೋ ಅಲ್ಲಿ ಜೊತೆಗೆ ನಿಲ್ಲುವುದು ಕೆಲಸ. ನಮಗೆ ಮೇಲೆ ತಾಲ್ಲೂಕಿನಲ್ಲಿ ಬಿಆರ್‌ಪಿಗಳು (ಕ್ಷೇತ್ರ ಸಂಪನ್ಮೂಲ ವ್ಯಕ್ತಿಗಳು), ಕ್ಷೇತ್ರ ಸಮನ್ವಯಾಧಿಕಾರಿಗಳು, ಕ್ಷೇತ್ರ ಶಿಕ್ಷಣಾಧಿಕಾರಿಗಳು ಇರುತ್ತಾರೆ. ತರಬೇತಿಗೆ ಇಲಕಲ್ಲಿನ ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇದೆ. ನನ್ನ ಪಾಲಿಗೆ ಬಂದದ್ದು ಹದಿನಾಲ್ಕು ಶಾಲೆ. ಅವುಗಳಲ್ಲಿ ಐದು, ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಗಳು.

ಮೊದಲ ಕೃತಜ್ಞತೆ ಮಲಪ್ರಭೆಯ ದಂಡೆಯ ಒಂದು ಊರಿನ ಮುಖ್ಯ ಗುರುಗಳಿಗೆ. ಮೊದಲ ಭೇಟಿಯ ದಿನ ನಾನು ನಮೂನೆಯ ಹಾಳೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವರು ಕನ್ನಡಕದ ಮೇಲಿಂದ ನೋಡಿ, “ತಂಗೀ, ಪರೀಕ್ಷೆ ಮಾಡಲು ಬಂದಿದ್ದೀಯೋ, ಕೈಗೂಡಿಸಲು ಬಂದಿದ್ದೀಯೋ?” ಎಂದು ಕೇಳಿದರು. ಕೈಗೂಡಿಸಲು ಎಂದೆ. “ಹಾಗಿದ್ದರೆ ಆ ಹಾಳೆ ಚೀಲದಲ್ಲಿಡು, ಒಳಗೆ ಬಾ” ಎಂದರು. ಅಂದಿನಿಂದ ಯಾವ ಶಾಲೆಯಲ್ಲಿಯೂ ಪಾಠ ಮುಗಿಯುವವರೆಗೆ ನಾನು ಹಾಳೆ ಹೊರತೆಗೆದಿಲ್ಲ.

ಒಂದು ತಿಂಗಳು ಕಳೆಯುವುದರೊಳಗೆ ಆಗಸ್ಟ್ ಪ್ರವಾಹ ಬಂತು. ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರು ಹೊಲ, ಮನೆ, ಶಾಲೆ ಎನ್ನದೆ ನುಗ್ಗಿತು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿಯೂ ಹೊಳೆ ನಿಂತಿತ್ತು. ನೀರು ಇಳಿದ ಮೇಲೆ ನಮ್ಮ ಆ ಶಾಲೆಯ ಬಾಗಿಲು ತೆಗೆದರೆ ಮೊಣಕಾಲೆತ್ತರ ರಾಡಿ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು ಕಾರ್ಡುಗಳ ಮೂಲಕ ಕಲಿಯುವ ನಲಿ–ಕಲಿ ಕೋಣೆಯ ಕಾರ್ಡುಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ನಲಿ–ಕಲಿಯಲ್ಲಿ ಮಗು ಮೊದಲು ಕಲಿಯುವುದು ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದರೆ ಸರ, ಅರಸ, ಗರಗಸ ಓದಬಹುದು. ಆ ಐದು ಕಾರ್ಡುಗಳೂ ಉಳಿದಿರಲಿಲ್ಲ.

ಮುಂದಿನ ಸಮಾಲೋಚನಾ ಸಭೆಗೆ ನಾನು ಯಾರಿಗೂ ಏನೂ ತರಲು ಹೇಳಿರಲಿಲ್ಲ. ಹದಿನೇಳು ಜನ ಗುರುಮಾತೆಯರು, ಗುರುಗಳು ಡ್ರಾಯಿಂಗ್ ಹಾಳೆ, ಮದುವೆ ಪತ್ರಿಕೆಗಳ ದಪ್ಪ ರಟ್ಟು, ಸ್ಕೆಚ್ ಪೆನ್ನು, ಅಂಟು ಹಿಡಿದುಕೊಂಡು ಬಂದರು. ಬಂದವರಲ್ಲಿ ಇಬ್ಬರ ಸ್ವಂತ ಮನೆಗೇ ನೀರು ಹೊಕ್ಕಿತ್ತು. ಅಂದು ಸಭೆಯ ಕಾರ್ಯಸೂಚಿಯನ್ನು ಮಡಿಸಿಟ್ಟೆ. ಸಂಜೆ ಐದೂವರೆಯವರೆಗೆ ನೆಲದ ಮೇಲೆ ಕುಳಿತು ಕಾರ್ಡು ಬರೆದೆವು. ಆನೆ ಬರೆಯಲು ಬಾರದೆ ಕೈ ಹಿಂದೆಗೆದ ಒಬ್ಬ ಗುರುಗಳ ಹಾಳೆಯನ್ನು ಪಕ್ಕದವರು ಎಳೆದುಕೊಂಡು ಬರೆದುಕೊಟ್ಟರು. ಪಠ್ಯಪುಸ್ತಕಗಳೂ ಹೊಸ ಕಾರ್ಡುಗಳೂ ಸರ್ಕಾರದಿಂದ ಆಮೇಲೆ ಬಂದವು, ನಿಜ. ಆದರೆ ಶಾಲೆ ತೆರೆದ ಮೊದಲ ದಿನವೇ ಮಕ್ಕಳ ಕೈಗೆ ಸಿಕ್ಕಿದ್ದು ಈ ಕೈಬರಹದ ಕಾರ್ಡುಗಳು. ನಲಿ–ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದಾಗಲೂ ಅದನ್ನು ಕಟ್ಟಿದವರು ಶಿಕ್ಷಕರೇ ಎಂದು ತರಬೇತಿಯಲ್ಲಿ ಎಷ್ಟೋ ಸಲ ಕೇಳಿದ್ದೆ. ಅದು ಹೇಗೆ ಸಾಧ್ಯವಾಗಿರಬಹುದು ಎಂಬುದು ಅರ್ಥವಾದದ್ದು ಆ ಸಂಜೆ.

ಎರಡನೆಯದು ಒಂದು ಲೆಕ್ಕದ ಋಣ. ನಾಲ್ಕನೆಯ ತರಗತಿಯ ಹುಡುಗನೊಬ್ಬ ನಲವತ್ತೆರಡರಲ್ಲಿ ಹದಿನೇಳು ಕಳೆದರೆ ಮೂವತ್ತೈದು ಎಂದು ಬರೆಯುತ್ತಿದ್ದ. ಎರಡರಲ್ಲಿ ಏಳು ಹೋಗದು, ಆದ್ದರಿಂದ ಏಳರಲ್ಲಿ ಎರಡು ಕಳೆದುಬಿಡುತ್ತಿದ್ದ. ನಾನು ಹಲಗೆಯ ಮುಂದೆ ನಿಂತು ದಶಕ ಬಿಡಿಸುವುದನ್ನು ಮೂರು ಸಲ ಮಾಡಿ ತೋರಿಸಿದೆ. ಮೂರೂ ಸಲ ತಲೆಯಾಡಿಸಿದ, ಮತ್ತೆ ಮೂವತ್ತೈದು ಬರೆದ. ಮಾರ್ಗದರ್ಶನ ಮಾಡಲು ಹೋದವಳು ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತೆ.

ಆ ತರಗತಿಯ ಗುರುಮಾತೆ ಕಪಾಟಿನಿಂದ ತೊಗರಿ ಕಡ್ಡಿಗಳ ಡಬ್ಬಿ ತಂದರು. ಹತ್ತು ಹತ್ತು ಕಡ್ಡಿಗಳನ್ನು ಮಗ್ಗದಲ್ಲಿ ಉಳಿದ ಕೆಂಪು ನೂಲಿನಿಂದ ಕಟ್ಟಿದ್ದರು. ಆ ಊರಿನಲ್ಲಿ ಗುಳೇದಗುಡ್ಡದ ಖಣ ನೇಯುವ ಮನೆಗಳಿವೆ. ಹುಡುಗನ ಮುಂದೆ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಇಟ್ಟು, ಕೈ ಚಾಚಿ, “ನನಗೆ ಹದಿನೇಳು ಕಡ್ಡಿ ಕೊಡು” ಎಂದಷ್ಟೇ ಹೇಳಿದರು. ಅವನು ಒಂದು ಕಟ್ಟು ಕೊಟ್ಟ. ಎರಡು ಬಿಡಿ ಕಡ್ಡಿ ಕೊಟ್ಟ. ಇನ್ನೂ ಐದು ಬೇಕಲ್ಲ ಎಂದು ಅವರ ಮುಖ ನೋಡಿದ. ಅವರು ಮಾತಾಡಲಿಲ್ಲ, ಚಾಚಿದ ಕೈಯನ್ನೂ ಹಿಂದೆಗೆಯಲಿಲ್ಲ. ನಾನು ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಅವರು ಕಣ್ಣಿನಿಂದಲೇ ಬೇಡ ಎಂದರು. ಹುಡುಗ ಒಂದು ಕಟ್ಟನ್ನು ಎತ್ತಿಕೊಂಡು, ಹಲ್ಲಿನಿಂದ ನೂಲಿನ ಗಂಟು ಬಿಚ್ಚಿ, ಐದು ಕಡ್ಡಿ ಎಣಿಸಿ ಕೊಟ್ಟ. ಉಳಿದದ್ದನ್ನು ಎಣಿಸಿ, ಯಾರೂ ಕೇಳದಿದ್ದರೂ, “ಇಪ್ಪತ್ತೈದು” ಎಂದ. ನಾನು ಹಲಗೆಯ ಮೇಲೆ ಬಿಡಿಸಿದ ದಶಕ ಅವನದಾಗಿರಲಿಲ್ಲ. ಈ ಗಂಟನ್ನು ಬಿಚ್ಚಿದವನು ಅವನೇ.

ಆ ಗುರುಮಾತೆಯ ಅನುಮತಿ ಪಡೆದು ಅದೇ ಪಾಠವನ್ನು ಉಳಿದ ಹದಿಮೂರು ಶಾಲೆಗಳಿಗೆ ಒಯ್ದೆ. ಎಲ್ಲ ಕಡೆಯೂ ಇದು ಯಾರ ಪಾಠ ಎಂದು ಹೇಳಿಯೇ ಶುರುಮಾಡಿದೆ. ನನ್ನ ಹೆಸರಿನಲ್ಲಿ ಬಂದ ಮೆಚ್ಚುಗೆಯ ಬಹುಪಾಲು ಹೀಗೆ ಒಂದು ಶಾಲೆಯಿಂದ ಇನ್ನೊಂದಕ್ಕೆ ಹೊತ್ತೊಯ್ದ ಬುತ್ತಿಗೆ ಸಂದದ್ದು.

ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸಿದ 2020ರ ವಿದ್ಯಾಗಮದ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಗುಡಿಯ ಕಟ್ಟೆ, ಬೇವಿನ ಮರದ ನೆರಳುಗಳಲ್ಲಿ ಮಕ್ಕಳನ್ನು ದೂರ ದೂರ ಕೂರಿಸಿ ಕಲಿಸಿದ ನಮ್ಮ ಒಬ್ಬ ಗುರುಗಳು ಈಗ ಇಲ್ಲ. ಅವರ ಮನೆಯವರಿಗೆ ನನ್ನ ನಮಸ್ಕಾರ.

ಈ ಹುದ್ದೆಯಲ್ಲಿ ನನ್ನನ್ನು ಕುಗ್ಗಿಸಿದ್ದು ಅಂಕಿ–ಅಂಶ. ಶೂ ಎಷ್ಟು, ಸಮವಸ್ತ್ರ ಎಷ್ಟು, ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಜಾಲತಾಣದಲ್ಲಿ ಬಾಕಿ ಎಷ್ಟು. “ತುರ್ತು” ಎಂಬ ಸಂದೇಶ ಮೊಬೈಲ್‌ನಲ್ಲಿ ಬರದ ದಿನ ಇರಲಿಲ್ಲ. ಮಾಹಿತಿ ಬೇಕು, ಅದಿಲ್ಲದೆ ಮಕ್ಕಳಿಗೆ ಸೌಲಭ್ಯ ತಲುಪದು. ಆದರೆ ಪಾಠಕ್ಕೆ ನೆರವಾಗಬೇಕಾದವರು ಪಾಠದ ವೇಳೆಯಲ್ಲೇ ಅಂಕಿ ಕೂಡಿಸುತ್ತ ಕೂರುವುದು ತಪ್ಪು ಎಂದು ನಾನು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ತರಗತಿಯಲ್ಲಿದ್ದುದರಿಂದ ಮಾಹಿತಿ ತಡವಾಯಿತೆಂದು ಒಂದು ಸಭೆಯಲ್ಲಿ ಎಲ್ಲರೆದುರು ಎದ್ದು ನಿಲ್ಲಬೇಕಾಯಿತು. ಬಸ್ಸಿನಲ್ಲಿ ಮನೆಗೆ ಮರಳುವಾಗ ರಾಜೀನಾಮೆಯ ಒಕ್ಕಣೆ ಮನಸ್ಸಿನಲ್ಲೇ ಸಿದ್ಧವಾಗಿತ್ತು. ಆ ರಾತ್ರಿ ಫೋನ್ ಮಾಡಿ, “ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನೀವು ತರಗತಿಯಲ್ಲಿರಿ, ಆ ಹೊತ್ತಿನಲ್ಲಿ ಬರುವ ಮಾಹಿತಿ ನನಗೆ ಬಿಡಿ” ಎಂದವರು ನಮ್ಮ ಬಿಆರ್‌ಪಿ ಗೆಳತಿ. ಎರಡು ವರ್ಷ ಆ ಮಾತಿಗೆ ತಪ್ಪಲಿಲ್ಲ. ಅಕ್ಕಾ, ನಿಮ್ಮ ಆ ಮೂರು ಗಂಟೆಗಳಲ್ಲಿ ಎಷ್ಟು ಮಕ್ಕಳು ಓದು ಕಲಿತರು ಎಂಬುದು ಯಾವ ನಮೂನೆಯಲ್ಲಿಯೂ ದಾಖಲಾಗಿಲ್ಲ. ನನಗೆ ಗೊತ್ತಿದೆ.

ಕುಗ್ಗಿದಾಗಲೆಲ್ಲ ಡೆಪ್ಯುಟಿ ಚನ್ನಬಸಪ್ಪನವರನ್ನು ನೆನೆಯುತ್ತಿದ್ದೆ. 1881ರಲ್ಲಿ ತೀರಿಕೊಂಡ ಆ ಹಿರಿಯರು ಮುಂಬೈ ಪ್ರಾಂತದ ಕಾಲದಲ್ಲಿ ಶಾಲೆಗಳ ಡೆಪ್ಯುಟಿ ಇನ್ಸ್‌ಪೆಕ್ಟರ್ ಆಗಿ, ಮರಾಠಿಯದೇ ಮೇಲುಗೈಯಾಗಿದ್ದ ನಮ್ಮ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದವರು. ಹುದ್ದೆಯೇ ಅವರ ಹೆಸರಿಗೆ ಅಂಟಿಕೊಂಡಿತು. ಶಾಲೆ ಸುತ್ತುವ ಕೆಲಸ ಸಣ್ಣದು ಎಂದು ಯಾರಾದರೂ ಅಂದರೆ ನಾನು ಅವರ ಹೆಸರು ಹೇಳುತ್ತಿದ್ದೆ.

ಬಿಸಿಯೂಟದ ಅಡುಗೆಯ ತಾಯಂದಿರಿಗೆ, ಕೊನೆಯ ಬಸ್ಸನ್ನು ನನಗಾಗಿ ಎರಡು ನಿಮಿಷ ನಿಲ್ಲಿಸುತ್ತಿದ್ದ ಚಾಲಕ, ನಿರ್ವಾಹಕರಿಗೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಹಿರಿಯರಿಗೆ, ಡಯಟ್‌ನ ಉಪನ್ಯಾಸಕರಿಗೆ ವಂದನೆಗಳು. ಮನೆಯಲ್ಲಿ ನಾನಿಲ್ಲದ ಹೊತ್ತಿನಲ್ಲಿ ರೊಟ್ಟಿ ಬಡಿದು, ಮಕ್ಕಳ ಅಭ್ಯಾಸ ನೋಡಿಕೊಂಡ ಅತ್ತೆಯವರಿಗೆ ಪ್ರತ್ಯೇಕವಾಗಿ ನಮಸ್ಕರಿಸುತ್ತೇನೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನನ್ನ ಡೈರಿಯಲ್ಲಿ ಯಾವ ಊರಿಗೆ ಯಾವ ದಿನ ಎಂಬುದು ಮಾತ್ರ ಅವರಿಗೆ ಬಾಯಿಪಾಠವಿತ್ತು.

ಕೊನೆಗೆ, ನನ್ನ ಜಾಗಕ್ಕೆ ಬಂದಿರುವ ಹೊಸ ಸಿಆರ್‌ಪಿಯವರೇ, ಸೋಮವಾರದಿಂದ ನಾನು ನಲಿ–ಕಲಿ ಕೋಣೆಯಲ್ಲಿರುತ್ತೇನೆ. ಒಂದರಿಂದ ಮೂರನೆಯ ತರಗತಿಯವರೆಗೆ ಇಪ್ಪತ್ತೊಂಬತ್ತು ಮಕ್ಕಳು. ಕಾರ್ಡಿನ ಕೆಲಸ ಬಿಟ್ಟು ನಾನು ಹೊಸದಾಗಿ ಕಲಿಯಬೇಕಾದದ್ದು ಬಹಳ ಇದೆ, ಐದು ವರ್ಷ ಒಂದೇ ಮಕ್ಕಳ ಜೊತೆ ದಿನವಿಡೀ ಇದ್ದವಳಲ್ಲ. ಬೇಗ ಬನ್ನಿ. ಕುರ್ಚಿ ಹಾಕಿಸುವುದಿಲ್ಲ, ಮಕ್ಕಳ ನಡುವೆ ಚಾಪೆಯ ಮೇಲೆ ಜಾಗ ಬಿಟ್ಟಿರುತ್ತೇನೆ.