ಕ್ಯಾಸಿನೊಗೆ ಮೋಸ ಮಾಡುವ ಅಗತ್ಯವೇ ಇಲ್ಲ

ಮಾನ್ಯರೇ,

ಕ್ಯಾಸಿನೊದವರು ಮೋಸ ಮಾಡಿ ಗೆಲ್ಲುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಲೆಕ್ಕವೇ ಅವರ ಪರ ಇರುವಾಗ ಮೋಸ ಯಾಕೆ ಬೇಕು? ರೂಲೆಟ್ ಅಂದರೆ ತಿರುಗುವ ಚಕ್ರದಲ್ಲಿ ಚೆಂಡು ಯಾವ ಅಂಕಿಯಲ್ಲಿ ನಿಲ್ಲುತ್ತದೆ ಅಂತ ಹಣ ಕಟ್ಟುವ ಆಟ. ಅದರ ಯುರೋಪಿಯನ್ ಚಕ್ರದಲ್ಲಿ 37 ಅಂಕಿಗಳಿವೆ. ನಿಮ್ಮ ಅಂಕಿ ಬಂದರೆ ಸಿಗುವ ಲಾಭ ಮಾತ್ರ ಕಟ್ಟಿದ್ದರ 35 ಪಟ್ಟು. ಅಲ್ಲಿಗೆ, ಕಟ್ಟಿದ ಹಣದಲ್ಲಿ ಸರಾಸರಿ ಶೇ 2.7 ಮಾಲೀಕರ ಪಾಲು. ಜಾಸ್ತಿ ಹೊತ್ತು ಕೂರಿಸಿಕೊಂಡರೆ ಸಾಕು. ಅದಕ್ಕೇ ಗೋಡೆಯಲ್ಲಿ ಗಡಿಯಾರ ಕಾಣುವುದು ಅಪರೂಪ. ಹೋಗುತ್ತಿರುವುದು ಹಣ ಅಂತ ಅನ್ನಿಸದಿರಲಿ ಅಂತ ನೋಟಿನ ಬದಲು ಬಣ್ಣದ ಬಿಲ್ಲೆ.

ಹಣ ಹಾಕಿ ಗುಂಡಿ ಒತ್ತಿ ಆಡುವ ಸ್ಲಾಟ್ ಮಷಿನ್ ಇನ್ನೂ ಚಾಲಾಕಿ. ಹತ್ತು ಹಾಕಿ ಮೂರು ವಾಪಸ್ ಬಂದರೂ ದೀಪ ಮಿನುಗಿಸಿ, ಗಂಟೆ ಬಾರಿಸಿ ಸಂಭ್ರಮಿಸುತ್ತದೆ. ಏಳು ಹೋದದ್ದು ಗೊತ್ತೇ ಆಗುವುದಿಲ್ಲ, ಅಲ್ವಾ? ಸದಸ್ಯರ ಕಾರ್ಡನ್ನೂ ಸುಮ್ನೆ ಕೊಡುವುದಿಲ್ಲ. ಯಾರು ಎಷ್ಟು ಆಡಿದರು ಅನ್ನುವುದು ಅದರಲ್ಲಿ ದಾಖಲಾಗುತ್ತದೆ. ಪುಕ್ಕಟೆ ರೂಮು, ಊಟದ ಆಮಿಷ ಬರುವುದು ಅದನ್ನು ನೋಡಿಯೇ.

ಮಾಲೀಕರ ಪಾಲೆಷ್ಟು ಅಂತ ಪ್ರತಿ ಮೇಜು, ಮಷಿನ್ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸುವುದನ್ನು ಕಡ್ಡಾಯ ಮಾಡಬೇಕು.

– ಒಬ್ಬ ಓದುಗ